ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗ್ತದೆ ಅಂತ ಮತ್ತೆ ಕಾರ್ಬೋರೇಟರ್ ಬದಲಾಯಿಸ್ಬೇಡಿ

ಪ್ರಶ್ನೆ: ನನ್ನದು 1988ರ ಪ್ರೀಮಿಯರ್ ಪದ್ಮಿನಿ ಕಾರು. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಸುರತ್ಕಲ್‌ನಿಂದ ಕೂಳೂರು ದಾಟಿ ಕೊಟ್ಟಾರದವರೆಗೆ ಎಪ್ಪತ್ತರಲ್ಲಿ ಚಂದ ಓಡ್ತದೆ. ನಂತೂರಲ್ಲಿ ಬ್ಲಾಕ್ ಸಿಕ್ಕಿ ಹತ್ತು ನಿಮಿಷ ನಿಂತ್ರೆ ಆಫ್. ಆಮೇಲೆ ಎಷ್ಟು ಸೆಲ್ಫ್ ಹೊಡೆದ್ರೂ ಇಲ್ಲ, ಅರ್ಧ ಗಂಟೆ ಬಿಟ್ರೆ ತನ್ನಷ್ಟಕ್ಕೆ ಸ್ಟಾರ್ಟ್. ಎರಡು ಕಾರ್ಬೋರೇಟರ್, ಒಂದು ಎಸಿ ಪಂಪ್ (ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್) ಬದಲಾಯಿಸಿ ಆಯ್ತು. ಇನ್ನೆಂತ ಹಾಕ್ಬೇಕು?

ಉತ್ತರ: ಇನ್ನು ಎಂತದೂ ಹಾಕ್ಬೇಡಿ ಮಾರಾಯ್ರೆ. ಪದ್ಮಿನಿಯವರು ಅಂಬಾಸಿಡರ್‌ನವರು ಎಲ್ಲರದ್ದೂ ಇದೇ ಪ್ರಶ್ನೆ, ಅದೂ ಮೂರ್ನಾಲ್ಕು ಬಿಡಿಭಾಗಕ್ಕೆ ದುಡ್ಡು ಸುರಿದ ಮೇಲೆಯೇ ಕೇಳ್ತಾರೆ, ನನಗೆ ಸಿಟ್ಟು ಬರೋದು ಅದಕ್ಕೆ. ನೀವು ಬರೆದದ್ರಲ್ಲೇ ಅರ್ಧ ಉತ್ತರ ಉಂಟು. ಎಪ್ಪತ್ತರಲ್ಲಿ ಓಡುವಾಗ ಇಂಜಿನ್ ಕುಡಿಯುವ ಪೆಟ್ರೋಲ್ ಎಷ್ಟು, ನಿಂತಲ್ಲಿ ಐಡ್ಲಿಂಗಿಗೆ ಬೇಕಾದ್ದು ಎಷ್ಟು? ಪಂಪ್ ವೀಕ್ ಇದ್ರೆ, ಫಿಲ್ಟರ್ ಕಟ್ಟಿದ್ರೆ, ಟ್ಯಾಂಕ್ ಮುಚ್ಚಳದ ಗಾಳಿ ತೂತು ಬಂದ್ ಆಗಿದ್ರೆ ಗಾಡಿ ಕೂಳೂರು ಸೇತುವೆ ಮೇಲೆಯೇ ಮುಗ್ಗರಿಸ್ಬೇಕಿತ್ತು. ಅಲ್ಲಿ ಸರಿಯಾಗಿ ಓಡಿ ನಿಂತಲ್ಲಿ ಸಾಯ್ತದೆ, ತಣ್ಣಗಾದ್ರೆ ಏಳ್ತದೆ ಅಂದ್ರೆ ಇದು ಬಿಸಿಯ ತಕರಾರು. ಪಂಪಿಗೆ ಕೊಟ್ಟ ದುಡ್ಡು ದಂಡ.

ಈಗ ಬಿಸಿಗೆ ಎರಡು ಕಡೆ ಏಟು ಬೀಳ್ತದೆ. ಒಂದು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೋರೇಟರ್‌ನಲ್ಲಿ ಅಥವಾ ಪೈಪಲ್ಲಿ ಪೆಟ್ರೋಲ್ ಕುದಿಯೋದು. ಎರಡು, ಪ್ಲಗ್ಗಿನ ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ ಅಥವಾ ಅದರ ಜೊತೆಗಾರ ಕಂಡೆನ್ಸರ್ ಬಿಸಿಯಾಗಿ ಕರೆಂಟ್ ಕೈ ಕೊಡೋದು. ಎರಡೂ ತಣ್ಣಗಾದ್ರೆ ಸರಿಯಾಗ್ತವೆ, ಅದಕ್ಕೇ ಮೆಕ್ಯಾನಿಕ್‌ಗಳು ಒಂದಕ್ಕೆ ಇನ್ನೊಂದರ ಮದ್ದು ಮಾಡೋದು. ಆಫ್ ಆದ ಮೊದಲ ಎರಡು ಮೂರು ನಿಮಿಷದಲ್ಲೇ ನೋಡ್ಬೇಕು, ತಣ್ಣಗಾಗಿ ಸ್ಟಾರ್ಟ್ ಆದ ಗಾಡಿಯನ್ನು ಗ್ಯಾರೇಜಿಗೆ ತಂದು ನಿಲ್ಸಿದ್ರೆ ನಾನು ಎಂತ ನೋಡ್ಲಿ?

ಆಫ್ ಆದದ್ದು ಹೇಗೆ ಅಂತ ಮೊದಲು ನೆನಪು ಮಾಡ್ಕೊಳ್ಳಿ. ಸ್ವಿಚ್ ತೆಗೆದ ಹಾಗೆ ಟಪ್ ಅಂತ ನಿಂತ್ರೆ ಹೆಚ್ಚಾಗಿ ಕರೆಂಟ್, ಕೆಮ್ಮಿ ಕೆಮ್ಮಿ ಸತ್ರೆ ಹೆಚ್ಚಾಗಿ ಪೆಟ್ರೋಲ್. ಆಮೇಲೆ ಬದಿಗೆ ಹಾಕಿ, ಏರ್ ಕ್ಲೀನರ್ ತೆಗೀದೆ, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಸಾಮಾನು) ಕ್ಯಾಪಿನ ನಡುವಿನ ದಪ್ಪ ವಯರ್ ಕಿತ್ತು, ರಬ್ಬರ್ ಹಿಡಿಯ ಪ್ಲೇಯರ್‌ನಲ್ಲಿ ಹಿಡಿದು ಅದರ ತುದಿಯನ್ನು ಇಂಜಿನ್ ಕಬ್ಬಿಣದಿಂದ ಐದಾರು ಮಿ.ಮೀ. ದೂರ ಇಟ್ಟು ಇನ್ನೊಬ್ಬರ ಹತ್ರ ಸೆಲ್ಫ್ ಹೊಡೆಸಿ. ಚಟ್ ಚಟ್ ಅಂತ ಸದ್ದು ಮಾಡುವ ನೀಲಿ ಕಿಡಿ ಬಂದ್ರೆ ಕಾಯಿಲ್ ಸರಿ ಉಂಟು. ಸಪೂರ ಹಳದಿ ಕಿಡಿ ಬಂದ್ರೆ, ಅಥವಾ ಎಂತದೂ ಬಾರದಿದ್ರೆ ಕಳ್ಳ ಅಲ್ಲೇ. ಕಿಡಿ ಸರಿ ಇದ್ರೆ ವಯರ್ ವಾಪಸ್ ಸಿಕ್ಕಿಸಿ, ಕೀ ಆಫ್ ಮಾಡಿ, ಆಮೇಲೆ ಏರ್ ಕ್ಲೀನರ್ ತೆಗೆದು ಕಾರ್ಬೋರೇಟರ್ ಬಾಯಿಗೆ ನೋಡ್ತಾ ಕೈಯಲ್ಲೇ ಆಕ್ಸಿಲರೇಟರ್ ಲಿವರ್ ಎಳೀರಿ, ಸೂಜಿಯ ಹಾಗೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ರೆ ಒಳಗಿದ್ದದ್ದು ಕುದ್ದು ಖಾಲಿ. ಚಿಮ್ಮಿ, ಜೊತೆಗೆ ಪೆಟ್ರೋಲ್ ವಾಸನೆ ಗಮ್ ಅಂತ ಹೊಡೆದ್ರೆ ಕುದ್ದು ಉಕ್ಕಿ ಪ್ಲಗ್ ಒದ್ದೆಯಾಗಿದೆ, ಆಗ ಚೋಕ್ ಮುಟ್ಬೇಡಿ, ಏರ್ ಕ್ಲೀನರ್ ಕೂರಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಪಂಪ್ ಮಾಡದೆ ಸೆಲ್ಫ್ ಹೊಡೀರಿ.

ಕರೆಂಟ್ ಆದ್ರೆ ಮಲ್ಟಿಮೀಟರ್ ತಗೊಂಡು ಕಾಯಿಲ್‌ನ ಎರಡು ಸಣ್ಣ ಟರ್ಮಿನಲ್ ನಡುವೆ ಅಳೀರಿ. ನೇರ 12 ವೋಲ್ಟ್ ಸಿಗುವ ಗಾಡಿಗೆ ಸುಮಾರು 3 ಓಮ್ ಬೇಕು. ಅಂಗಡಿಯವರು ಕಣ್ಣು ಮುಚ್ಚಿ ಕೊಡುವ ಕೆಲವು ಕಾಯಿಲ್ 1.5 ಓಮಿನದ್ದು, ಅದಕ್ಕೆ ಬೇರೆ ರೆಸಿಸ್ಟರ್ ಬೇಕು, ಇಲ್ಲದಿದ್ರೆ 4 ಆಂಪ್ ಹೋಗುವಲ್ಲಿ 8 ಆಂಪ್ ಹೋಗಿ ಕಾಯಿಲ್ ಮುಟ್ಲಿಕ್ಕಾಗದಷ್ಟು ಸುಡ್ತದೆ, ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಾಯಿಲ್‌ನ ಕರೆಂಟ್ ಕಡಿಯುವ ಪಾಯಿಂಟೂ ಸುಡ್ತದೆ. ಇಂಜಿನ್ ಆಫ್ ಮಾಡಿ ಹಾಡು ಕೇಳ್ಲಿಕ್ಕೆ ಅಂತ ಇಗ್ನಿಶನ್ ಆನ್ ಇಟ್ಟು ಕೂರೋರು ಕೂಡ ಕಾಯಿಲ್ ಹೀಗೇ ಸುಟ್ಕೊಳ್ಳೋದು. ಕಂಡೆನ್ಸರ್ ಸಣ್ಣ ಸಾಮಾನು, ಡೌಟ್ ಇದ್ರೆ ಒಂದು ಹೊಸತು ಹಾಕಿಯೇ ನೋಡಿ. ಪಾಯಿಂಟ್ ಗ್ಯಾಪ್ 0.4ರಿಂದ 0.5 ಮಿ.ಮೀ. ಒಳಗೆ ಇರ್ಲಿ.

ಪೆಟ್ರೋಲ್ ಆದ್ರೆ ಕಾರ್ಬೋರೇಟರ್ ಅಡಿಗೆ ಬಗ್ಗಿ ನೋಡಿ. ಈ ಇಂಜಿನ್‌ಗಳಲ್ಲಿ ಅದು ಕೂತಿರೋದು ಸೈಲೆನ್ಸರ್ ಮ್ಯಾನಿಫೋಲ್ಡ್ (ಇಂಜಿನ್‌ನ ಬಿಸಿ ಹೊಗೆ ಹೊರಗೆ ಹೋಗುವ ಕೊಳವೆ) ಇರುವ ಬದಿಗೇ. ಬಿಸಿ ಹತ್ತದ ಹಾಗೆ ನಡುವೆ ಒಂದು ದಪ್ಪ ಪ್ಯಾಕಿಂಗ್ ಬೇಕು, ಅದು ಬಿರುಕು ಬಿಟ್ಟಾಗ ಎಷ್ಟೋ ಕಡೆ ಬಿಸಾಡಿ ಕಾಗದದ ಗ್ಯಾಸ್ಕೆಟ್ ಮಾತ್ರ ಹಾಕಿರ್ತಾರೆ. ಎರಡು ಕಾರ್ಬೋರೇಟರ್ ಬದಲಾಯಿಸಿದವರು ಆ ಪ್ಯಾಕಿಂಗ್ ವಾಪಸ್ ಹಾಕಿದ್ದಾರಾ? ನನಗೆ ಮೊದಲ ಸಂಶಯ ಅಲ್ಲಿಯೇ. ಪೆಟ್ರೋಲ್ ಪೈಪ್ ಮ್ಯಾನಿಫೋಲ್ಡಿಗೆ ತಾಗಿಕೊಂಡು ಹೋಗಿದ್ರೆ ದೂರ ಸರಿಸಿ.

ಇನ್ನೊಂದು, ಈಗ ಬರುವ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್. 1 ಕೆಜಿ ಪೆಟ್ರೋಲ್ ಉರೀಲಿಕ್ಕೆ 14.7 ಕೆಜಿ ಗಾಳಿ ಬೇಕಾದ್ರೆ ಎಥನಾಲಿಗೆ 9 ಸಾಕು, ಹಾಗಾಗಿ ಕಾರ್ಬೋರೇಟರ್‌ನ ಹಳೆ ಜೆಟ್‌ನಲ್ಲಿ (ಪೆಟ್ರೋಲ್ ಬಿಡುವ ಸಣ್ಣ ತೂತು) ಮಿಕ್ಸ್ಚರ್ ತೆಳು, ಅಂದ್ರೆ ಗಾಳಿ ಹೆಚ್ಚು ಪೆಟ್ರೋಲ್ ಕಮ್ಮಿ ಆಗ್ತದೆ, ಐಡ್ಲಿಂಗ್ ಮೊದಲು ಕೈ ಕೊಡ್ತದೆ. ಐಡ್ಲಿಂಗ್ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಪೆಟ್ರೋಲ್ ಸ್ವಲ್ಪ ಹೆಚ್ಚು (ರಿಚ್) ಮಾಡಿಸಿ. ಹಳೆ ರಬ್ಬರ್ ಪೈಪನ್ನೂ ಎಥನಾಲ್ ತಿಂತದೆ, ಎಥನಾಲ್ ತಡೆಯುವ ಪೈಪೇ ಕೇಳಿ ತಗೊಳ್ಳಿ. ಇದರಲ್ಲಿ ಉಳಿತಾಯ ಮಾಡ್ಬೇಡಿ, ಬಿಸಿ ಮ್ಯಾನಿಫೋಲ್ಡ್ ಮೇಲೆ ಪೈಪ್ ಒಡೆದ್ರೆ ಗಾಡಿಯೇ ಇಲ್ಲ.

ಸ್ಟಾರ್ಟ್ ಆಗದಿದ್ರೆ ಬಾಟಲಿಯಲ್ಲಿ ಪೆಟ್ರೋಲ್ ತಂದು ಕಾರ್ಬೋರೇಟರ್ ಬಾಯಿಗೆ ಸುರಿಯುವ ಅಭ್ಯಾಸ ಉಂಟಲ್ಲ, ದಯವಿಟ್ಟು ಬಿಡಿ. ಬ್ಯಾಕ್‌ಫೈರ್ ಆಗಿ, ಅಂದ್ರೆ ಇಂಜಿನ್ ಕಾರ್ಬೋರೇಟರ್ ಬಾಯಿಯಿಂದ ಬೆಂಕಿ ಉಗುಳಿ, ಬಾಟಲಿಗೇ ಬೆಂಕಿ ಹತ್ತಿದ್ದನ್ನು ಕಣ್ಣಾರೆ ನೋಡಿದ್ದೇನೆ, ನಮ್ಮ ಹುಡುಗನ ಎಡಗೈ ಮೊಣಕೈವರೆಗೆ ಸುಟ್ಟಿತು. ಆವತ್ತಿಂದ ನನ್ನ ಗ್ಯಾರೇಜಲ್ಲಿ ಪೆಟ್ರೋಲ್ ಬಾಟಲಿ ಕಂಡ್ರೆ ನಾನು ಸುಮ್ಮನಿರೋದಿಲ್ಲ. ಹಳೆ ಗಾಡಿ ಇಟ್ಕೊಂಡವರು ಸೀಟ್ ಅಡಿಗೆ ಒಂದು ಸಣ್ಣ ಫೈರ್ ಎಕ್ಸ್‌ಟಿಂಗ್ವಿಷರ್ ಇಡ್ಲೇಬೇಕು.

ಪ್ರಶ್ನೆ: ಟ್ಯಾಂಕಿಗೆ ನುಸಿಗುಳಿಗೆ ಹಾಕಿದ್ರೆ ಗಾಡಿ ಆಫ್ ಆಗೋದಿಲ್ವಂತೆ, ಹೌದಾ? (ಉಡುಪಿ)

ಉತ್ತರ: ಇಲ್ಲ. ಹೇಳಿದವರ ಹತ್ರ ಇನ್ನು ಗಾಡಿ ಕೊಡ್ಬೇಡಿ.

ಪ್ರಶ್ನೆ: ಪೆಟ್ರೋಲ್ ಪೈಪಿಗೆ ಮ್ಯಾಗ್ನೆಟ್ ಕಟ್ಟಿದ್ರೆ ಮೈಲೇಜೂ ಬರ್ತದೆ ಆಫೂ ಆಗೋದಿಲ್ಲ ಅಂತ ಒಬ್ಬರು ಮಾರ್ತಾ ಇದ್ದಾರೆ. (ಪಡುಬಿದ್ರಿ)

ಉತ್ತರ: ಮೋಸ.

ಪ್ರಶ್ನೆ: ಎಸಿ ಪಂಪಿಗೆ ಒದ್ದೆ ಬಟ್ಟೆ ಸುತ್ತಿದ್ರೆ ನಮ್ಮ ಅಂಬಾಸಿಡರ್ ಸ್ಟಾರ್ಟ್ ಆಗ್ತದೆ, ಹಾಗೇ ಓಡಿಸ್ಬಹುದಾ? (ಕಲ್ಸಂಕ)

ಉತ್ತರ: ಬಟ್ಟೆ ಸುತ್ತಿದ ಕೂಡ್ಲೇ ಸ್ಟಾರ್ಟ್ ಆದ್ರೆ ಹೆಚ್ಚಾಗಿ ಪೆಟ್ರೋಲ್ ಕುದಿಯೋದೇ, ಪರೀಕ್ಷೆಗೆ ಅಷ್ಟು ಸಾಕು. ಕಾರಣ ಹುಡುಕಿ ಸರಿ ಮಾಡಿಸಿ. ಬಿಸಿ ಇಂಜಿನ್ ಮೇಲೆ ಮಾತ್ರ ತಣ್ಣೀರು ಹೊಯ್ಬೇಡಿ, ಎರಕದ ಕಬ್ಬಿಣ ಬಿರುಕು ಬಿಡ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಮಾತ್ರ ಆಫ್ ಆಗ್ತದೆ. (ಬಿಜೈ)

ಉತ್ತರ: ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ಒಣ ಬಟ್ಟೆಯಲ್ಲಿ ಒರೆಸಿ, ಕೂದಲಿನಷ್ಟು ಸಪೂರದ ಕಪ್ಪು ಗೆರೆ ಕಂಡ್ರೆ ಕ್ಯಾಪ್ ಹೊಸತು ಹಾಕಿ.