ಗ್ರಾಫಿಕ್ಸ್ ಕಾರ್ಡ್ ತಗೊಳ್ಳೋ ಮುಂಚೆ ಎಸ್‌ಎಂಪಿಎಸ್ ಲೇಬಲ್ ಓದಿ

ನಿಮ್ಮ ಹತ್ರ ಇರೋದು 2021ರಲ್ಲಿ ತಗೊಂಡ ಬ್ರಾಂಡೆಡ್ ಗೇಮಿಂಗ್ ಡೆಸ್ಕ್‌ಟಾಪು, ಒಳಗೆ ಐ5-10400ಎಫ್ ಪ್ರೊಸೆಸರು, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡು, 310 ವ್ಯಾಟ್ ಎಸ್‌ಎಂಪಿಎಸ್, ಅಂದ್ರೆ ಗೋಡೆ ಕರೆಂಟನ್ನ ಕಂಪ್ಯೂಟರಿಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಕೊಡೋ ಡಬ್ಬ. ಇದಕ್ಕೆ ಆರ್‌ಟಿಎಕ್ಸ್ 5060 ಕಾರ್ಡ್ ಹಾಕ್ಬೇಕು, ಎಸ್‌ಎಂಪಿಎಸ್ ಹಂಗೇ ಬಿಡಬಹುದಾ ಅಂತ ಕೇಳಿದೀರ. ಬಿಡೋಕಾಗಲ್ಲ, ಬದಲಾಯಿಸಲೇಬೇಕು. ಆದ್ರೆ ನಿಮ್ಮ ಮಷೀನಲ್ಲಿ ಅದನ್ನ ಬದಲಾಯಿಸೋಕೆ ಆಗುತ್ತಾ ಅನ್ನೋದೇ ಮೊದಲು ನೋಡ್ಬೇಕಾಗಿರೋದು, ಅದು ಗೊತ್ತಾಗೋವರೆಗೂ ಕಾರ್ಡಿಗೆ ಅಂತ ಒಂದ್ರೂಪಾಯಿನೂ ಕೊಡ್ಬೇಡಿ.

ಲೆಕ್ಕ ಹಾಕಿ ನೋಡೋಣ. 1650 ಬರೀ 75 ವ್ಯಾಟ್ ಕಾರ್ಡು, ಮದರ್‌ಬೋರ್ಡಿನ ಸ್ಲಾಟೇ ಅಷ್ಟು ಕೊಡುತ್ತೆ, ಅದಕ್ಕೇ ಸುಮಾರು 1650ಗಳಿಗೆ ಬೇರೆ ಪವರ್ ವೈರೇ ಇರಲ್ಲ. 5060ದು 145 ವ್ಯಾಟ್, 8 ಪಿನ್ ವೈರ್ ಬೇಕು, ಅದು ನಿಮ್ಮ ಈಗಿನ ಎಸ್‌ಎಂಪಿಎಸ್‌ನಲ್ಲಿ ಇರೋದೇ ಅನುಮಾನ. ಪ್ರೊಸೆಸರ್ ಮೇಲೆ 65 ವ್ಯಾಟ್ ಅಂತ ಬರ್ದಿದ್ರೂ ಪೂರ್ತಿ ಲೋಡ್ ಬಿದ್ದಾಗ ಸ್ವಲ್ಪ ಹೊತ್ತು 134 ವ್ಯಾಟ್ ತನಕ ಹೋಗೋಕೆ ಇಂಟೆಲ್ಲೇ ಬಿಟ್ಟಿದೆ, ಅದರ ಮೇಲೆ ರ್‍ಯಾಮು ಫ್ಯಾನು ಎಸ್‌ಎಸ್‌ಡಿ ಬೋರ್ಡು ಎಲ್ಲಾ ಸೇರಿ ಒಂದು ನಲವತ್ತೈವತ್ತು. ಅಲ್ಲಿಗೇ 310 ದಾಟೋಯ್ತು. ಇದಲ್ಲದೆ ಈಗಿನ ಕಾರ್ಡುಗಳು ಕಣ್ಣು ಮಿಟುಕಿಸೋದ್ರೊಳಗೆ ಹೇಳಿದ್ದಕ್ಕಿಂತ ಜಾಸ್ತಿ ಎಳೆದು ಬಿಡ್ತವೆ, ಆಗ ಸಣ್ಣ ಎಸ್‌ಎಂಪಿಎಸ್ ತನ್ನನ್ನ ಕಾಪಾಡ್ಕೊಳ್ಳೋಕೆ ಆಫ್ ಆಗುತ್ತೆ, ನೀವು ಆಟದ ಮಧ್ಯದಲ್ಲಿ ಕಪ್ಪು ಸ್ಕ್ರೀನ್ ನೋಡ್ಕೊಂಡು ಕೂತಿರ್ತೀರ. ಎನ್‌ವಿಡಿಯಾ ಈ ಕಾರ್ಡಿಗೆ 550 ವ್ಯಾಟ್ ಎಸ್‌ಎಂಪಿಎಸ್ ಅಂತ ಹೇಳಿರೋದು ಸುಮ್ನೆ ಅಲ್ಲ.

ಈಗ ಮುಖ್ಯವಾದ ವಿಷಯ. ಕರೆಂಟ್ ವೈರ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಹೋಗೋ ದಪ್ಪ ವೈರಿನ ಕಟ್ಟು ಎಲ್ಲಿ ಸೇರುತ್ತೆ ನೋಡಿ, ಪಿನ್ ಎಣಿಸಿ. ಎರಡು ಸಾಲು, ಸಾಲಿಗೆ 12ರಂತೆ 24 ಪಿನ್ ಇದ್ರೆ ಅರ್ಧ ಗೆದ್ದಂಗೆ, ಪೇಟೇಲಿ ಸಿಗೋ ಎಟಿಎಕ್ಸ್, ಅಂದ್ರೆ ಮಾಮೂಲಿ ಸ್ಟ್ಯಾಂಡರ್ಡ್ ಅಳತೆಯ ಎಸ್‌ಎಂಪಿಎಸ್ ಕೂರುತ್ತೆ. ಆದ್ರೆ ದೊಡ್ಡ ಬ್ರಾಂಡುಗಳ ಡೆಸ್ಕ್‌ಟಾಪಲ್ಲಿ ತುಂಬಾ ಸಲ 6, 8, 10 ಪಿನ್ನಿನ ತಮ್ಮದೇ ಕನೆಕ್ಟರ್ ಇರುತ್ತೆ, ಕೆಲವದ್ರಲ್ಲಿ ಎಸ್‌ಎಂಪಿಎಸ್ ಬರೀ 12 ವೋಲ್ಟ್ ಕೊಡುತ್ತೆ, 5 ವೋಲ್ಟು 3.3 ವೋಲ್ಟು ಬೋರ್ಡೇ ಮಾಡ್ಕೊಳ್ಳುತ್ತೆ, ಹಾರ್ಡ್ ಡಿಸ್ಕಿಗೆ ಪವರ್ರೂ ಬೋರ್ಡಿಂದಲೇ ಹೋಗಿರುತ್ತೆ. ಇದಕ್ಕೆ ಕನ್ವರ್ಟರ್ ಕೇಬಲ್ ಸಿಗುತ್ತೆ, ಆದ್ರೆ ನಿಮ್ಮ ಮಾಡೆಲ್ ನಂಬರಿಗೇ ಅಂತ ಇರೋದು ಸಿಕ್ಕಿದ್ರೆ ಮಾತ್ರ ತಗೊಳ್ಳಿ. ಪಿನ್ ಎಣಿಕೆ ಒಂದೇ ಅಂತ ಯಾವ್ದೋ ಒಂದು ಹಾಕ್ಬೇಡಿ, ಎಣಿಕೆ ಒಂದೇ ಇದ್ರೂ ಒಳಗಿನ ವೋಲ್ಟೇಜ್ ಬೇರೆ ಇರುತ್ತೆ. ಎಸ್‌ಎಂಪಿಎಸ್ ಡಬ್ಬದ ಅಳತೆನೂ ನೋಡ್ಕೊಳ್ಳಿ, ಎಟಿಎಕ್ಸ್ ಆದ್ರೆ 150 ಮಿಲಿಮೀಟರ್ ಅಗಲ, 86 ಎತ್ತರ ಇರುತ್ತೆ, ನಿಮ್ಮದು ಉದ್ದಕ್ಕೆ ಸಣ್ಣಕ್ಕೆ ಇದ್ರೆ ಎಟಿಎಕ್ಸ್ ಒಳಗೇ ಹೋಗಲ್ಲ. ಹಂಗೇ ಟೇಪ್ ಹಿಡಿದು ಹಿಂದಿನ ಪಟ್ಟಿಯಿಂದ ಮುಂದಿನ ಫ್ಯಾನ್ ತನಕ ಎಷ್ಟು ಜಾಗ ಇದೆ ಅಳೀರಿ. 5060 ಎರಡು ಫ್ಯಾನಿಂದು ಸಾಕು, ಮೂರು ಫ್ಯಾನಿಂದು ಬ್ರಾಂಡೆಡ್ ಕ್ಯಾಬಿನೆಟ್ಟಲ್ಲಿ ಹಿಡಿಸೋದು ಕಷ್ಟ.

ಇದೆಲ್ಲಾ ಸರಿ ಹೋದ್ರೆ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಪೇಟೆ ಎಸ್‌ಪಿ ರೋಡಿಗೆ ಹೋಗಿ. ಟೌನ್‌ಹಾಲ್ ಹತ್ರ ಇಳಿದು ನಡ್ಕೊಂಡೇ ಹೋಗಬಹುದು, ಗಾಡಿ ತಗೊಂಡು ಹೋದ್ರೆ ನಿಲ್ಸೋಕೆ ಜಾಗ ಹುಡುಕೋದ್ರಲ್ಲೇ ಅರ್ಧ ದಿನ, ಭಾನುವಾರ ಅಂತೂ ಬೇಡ, ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತೆ. ಅಲ್ಲಿ "450 ವ್ಯಾಟ್ ಸಾರ್, ಒಂದು ಸಾವಿರ ಕೊಡಿ" ಅನ್ನೋ ಡಬ್ಬ ಕೈಗೆ ಕೊಟ್ರೆ ತಿರುಗಿಸಿ ಲೇಬಲ್ ಓದಿ. +12ವಿ ಅಂತ ಒಂದು ಕಾಲಂ ಇರುತ್ತೆ, ಕೆಳಗೆ ಆಂಪಿಯರ್ ಬರ್ದಿರ್ತಾರೆ, ಅದನ್ನ 12ರಿಂದ ಗುಣಿಸಿ. ನಾನು ನೋಡಿದ ಒಂದು ಡಬ್ಬದಲ್ಲಿ 14 ಆಂಪಿಯರ್ ಅಂತಿತ್ತು, ಅಂದ್ರೆ 168 ವ್ಯಾಟು, ಪ್ರೊಸೆಸರು ಕಾರ್ಡು ಎರಡೂ ಬದುಕೋದು ಈ 12 ವೋಲ್ಟ್ ಲೈನ್ ಮೇಲೇನೇ, ಹೊರಗೆ 450 ಅಂತ ದಪ್ಪಕ್ಕೆ ಬರ್ಕೊಂಡಿದ್ರೆ ಏನು ಬಂತು. ಒಳ್ಳೆ 550 ವ್ಯಾಟಿಂದ್ರಲ್ಲಿ 12 ವೋಲ್ಟ್ ಲೈನಲ್ಲೇ 500 ದಾಟುತ್ತೆ. 80 ಪ್ಲಸ್ ಬ್ರಾಂಜ್ ಅನ್ನೋದು ಕರೆಂಟ್ ಎಷ್ಟು ವೇಸ್ಟ್ ಮಾಡಲ್ಲ ಅನ್ನೋದಕ್ಕೆ ಗುರುತು, ಒಳಗಿನ ಸಾಮಾನು ಎಷ್ಟು ಗಟ್ಟಿ ಅನ್ನೋದಕ್ಕಲ್ಲ, ಗಟ್ಟಿತನ ಗೊತ್ತಾಗ್ಬೇಕಾದ್ರೆ ಕಂಪನಿ ಎಷ್ಟು ವರ್ಷ ವಾರಂಟಿ ಕೊಡುತ್ತೆ ನೋಡಿ, ಐದು ವರ್ಷದ್ದು ತಗೊಳ್ಳಿ. ಬಿಲ್ ಇಲ್ದೆ ಕಮ್ಮಿ ಮಾಡ್ಕೊಡ್ತೀನಿ ಅಂದ್ರೆ ಬೇಡ ಅನ್ನಿ. ಸೀರಿಯಲ್ ನಂಬರ್ ಬರೆಸಿ ಜಿಎಸ್‌ಟಿ ಬಿಲ್ಲೇ ತಗೊಳ್ಳಿ, ಮುಂದೆ ಏನಾದ್ರೂ ಆದ್ರೆ ಅದೊಂದೇ ಕೈಹಿಡಿಯೋದು.

ಹಾಕುವಾಗ ನಾನು ಮಾಡಿದ ತಪ್ಪು ನೀವು ಮಾಡ್ಬಾರ್ದು ಅಂತಲೇ ಇಷ್ಟುದ್ದ ಬರೀತಿರೋದು. ನನ್ನ ಹಳೇ ಎಸ್‌ಎಂಪಿಎಸ್ ಮಾಡ್ಯುಲರ್, ಅಂದ್ರೆ ವೈರುಗಳನ್ನ ಅದರ ಹಿಂದೆಯಿಂದ ಕೀಳಬಹುದಿತ್ತು. ಹಾರ್ಡ್ ಡಿಸ್ಕಿಗೆ ಹೋಗೋ ವೈರು ಬೋರ್ಡಿನ ಹಿಂದೆ ಸುತ್ತಾಕ್ಕೊಂಡು ಟೈ ಹಾಕಿ ಕಟ್ಟಿತ್ತು, ಅದನ್ನ ಯಾಕೆ ಬಿಚ್ಚೋದು ಅಂತ ಅಲ್ಲೇ ಬಿಟ್ಟು ಅದರ ತುದಿ ಮಾತ್ರ ಹೊಸ ಎಸ್‌ಎಂಪಿಎಸ್‌ಗೆ ಚುಚ್ಚಿದೆ. ಟಕ್ ಅಂತ ಸರಿಯಾಗಿ ಕೂತ್ಕೊಳ್ತು. ಸ್ವಿಚ್ ಹಾಕಿದ ತಕ್ಷಣ ಫ್ಯಾನ್ ಒಂದು ಸುತ್ತು ತಿರುಗಿ ನಿಂತೋಯ್ತು, ಸುಟ್ಟ ವಾಸನೆ ಬಂತು. ಡಿಸ್ಕ್ ಹೋಯ್ತು, ಅದ್ರಲ್ಲಿ ನನ್ನ ತಂಗಿ ಮದುವೆ ಫೋಟೋಗಳಿದ್ವು, ಇನ್ನೊಂದು ಕಾಪಿ ಎಲ್ಲೂ ಇರ್ಲಿಲ್ಲ, ಇವತ್ತಿಗೂ ಅಮ್ಮ ಕೇಳಿದಾಗ ನನಗೆ ಸಂಕಟ ಆಗುತ್ತೆ. ಕಾರಣ ಇಷ್ಟೇ, ಡಿಸ್ಕಿನ ಕಡೆ ಇರೋ ತುದಿ ಎಲ್ಲಾ ಕಂಪನಿಗೂ ಒಂದೇ, ಆದ್ರೆ ಎಸ್‌ಎಂಪಿಎಸ್ ಕಡೆ ತುದೀಲಿ ಯಾವ ಪಿನ್ನಿಗೆ ಯಾವ ವೋಲ್ಟೇಜ್ ಅನ್ನೋದಕ್ಕೆ ಸ್ಟ್ಯಾಂಡರ್ಡೇ ಇಲ್ಲ, 5 ವೋಲ್ಟ್ ಹೋಗ್ಬೇಕಾದ ಕಡೆ 12 ಹೋಗುತ್ತೆ. ಹೊಸ ಎಸ್‌ಎಂಪಿಎಸ್ ಹಾಕಿದ್ರೆ ಹಳೇ ವೈರ್ ಒಂದೂ ಉಳಿಸ್ಬೇಡಿ, ಅದೇ ಕಂಪನೀದಾದ್ರೂ ಅಷ್ಟೇ. ಮತ್ತೆ ಕೆಲಸ ಶುರು ಮಾಡೋ ಮುಂಚೆ ಫೋಟೋ, ಡಾಕ್ಯುಮೆಂಟ್ ಎಲ್ಲಾ ಬೇರೆ ಕಡೆ ಕಾಪಿ ಮಾಡಿಟ್ಕೊಳ್ಳಿ.

ಇನ್ನೊಂದು ನೋಡ್ಕೊಳ್ಳಿ, ಪ್ರೊಸೆಸರಿಗೆ ಹೋಗೋ 8 ಪಿನ್ನು, ಕಾರ್ಡಿಗೆ ಹೋಗೋ 8 ಪಿನ್ನು ನೋಡೋಕೆ ಅಣ್ಣತಮ್ಮಂದಿರ ಥರ ಇರ್ತವೆ. ಪ್ರೊಸೆಸರಿಂದು 4+4 ಆಗಿ ಒಡೆಯುತ್ತೆ, ಕಾರ್ಡಿಂದು 6+2. ಕೂರ್ತಿಲ್ಲ ಅಂದ್ರೆ ಒತ್ಬೇಡಿ, ಎರಡ್ರಲ್ಲೂ 12 ವೋಲ್ಟ್ ಇರೋ ಸಾಲು ಉಲ್ಟಾ. ಹಳೇ ಕಾರ್ಡ್ ತೆಗೆಯುವಾಗ ಸ್ಕ್ರೂ ಬಿಚ್ಚಿದ್ರೆ ಸಾಲದು, ಸ್ಲಾಟಿನ ಕೊನೇಲಿ ಒಂದು ಸಣ್ಣ ಪ್ಲಾಸ್ಟಿಕ್ ಕೊಂಡಿ ಇರುತ್ತೆ, ಅದನ್ನ ಕೆಳಗೆ ಒತ್ತಿ ಹಿಡ್ಕೊಂಡೇ ಎತ್ಬೇಕು, ಬೆರಳು ಹೋಗ್ಲಿಲ್ಲ ಅಂದ್ರೆ ಪೆನ್ಸಿಲ್ ಹಿಂಭಾಗ ಬಳಸಿ. ಎಸ್‌ಎಂಪಿಎಸ್ ಡಬ್ಬನ ಮಾತ್ರ ಯಾವತ್ತೂ ಬಿಚ್ಬೇಡಿ, ಕರೆಂಟ್ ಕಿತ್ತ ಮೇಲೂ ಒಳಗೆ ಕೆಪಾಸಿಟರಲ್ಲಿ ಚಾರ್ಜ್ ಇರುತ್ತೆ. ಕಾರ್ಡ್ ಬದಲಾಯಿಸೋ ಮುಂಚೆಯೇ, ಹಳೇ ಕಾರ್ಡ್ ಇರುವಾಗ್ಲೇ, ಕಂಪನಿ ಸೈಟಿಂದ ಬಯಾಸ್ (ಮಷೀನ್ ಆನ್ ಆದ ತಕ್ಷಣ ಓಡೋ ಮದರ್‌ಬೋರ್ಡಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡ್ಕೊಳ್ಳಿ, ಹಳೇ ಬಯಾಸಿಗೆ ಹೊಸ ಕಾರ್ಡ್ ಹಾಕಿ ಡಿಸ್‌ಪ್ಲೇನೇ ಬರದೆ ಒದ್ದಾಡಿದವರು ತುಂಬಾ ಜನ.

ಪರ್ಫಾರ್ಮೆನ್ಸ್ ಬಗ್ಗೆ ಎರಡೇ ಮಾತು. ನಿಮ್ಮ 10ನೇ ಜನರೇಷನ್ ಪ್ರೊಸೆಸರಲ್ಲಿ ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡಿಗೂ ಪ್ರೊಸೆಸರಿಗೂ ಮಧ್ಯೆ ಡೇಟಾ ಓಡಾಡೋ ದಾರಿ) ಹಳೇ 3.0 ಅಷ್ಟೇ ಇರೋದು, ಆ ದಾರೀಲಿ 5060 ಬರೀ 8 ಲೇನ್ ಬಳಸುತ್ತೆ, ಕಾರ್ಡಿನ ಮೆಮೊರಿ 8 ಜಿಬಿ. 1080ಪಿ ಮಾನಿಟರಲ್ಲಿ ಟೆಕ್ಸ್‌ಚರ್ ಸೆಟ್ಟಿಂಗ್ ಹಿಡಿತದಲ್ಲಿಟ್ಕೊಂಡ್ರೆ 1650ಗೂ ಇದಕ್ಕೂ ಹೋಲಿಕೆಯೇ ಇಲ್ಲ, ಮೆಮೊರಿ ತುಂಬಿದ್ರೆ ಮಾತ್ರ ಡೇಟಾ ಆ ಇಕ್ಕಟ್ಟಾದ ದಾರೀಲೇ ಓಡಾಡ್ಬೇಕಾಗಿ ಜರ್ಕ್ ಹೊಡೆಯುತ್ತೆ.

ಬೆಂಗಳೂರಲ್ಲಿರೋರು ಮರೆಯೋದು ಯುಪಿಎಸ್ ಮತ್ತೆ ಅರ್ಥಿಂಗ್. ಮಾಮೂಲಿ 600 ವಿಎ ಯುಪಿಎಸ್ ಕೊಡೋದು 360 ವ್ಯಾಟು, ಹೊಸ ಕಾರ್ಡ್ ಹಾಕಿ ಮಾನಿಟರ್ರೂ ಅದಕ್ಕೇ ಚುಚ್ಚಿದ್ರೆ, ಮಳೆಗಾಲದಲ್ಲಿ ಕರೆಂಟ್ ಹೋದಾಗ ಸೇವ್ ಮಾಡೋಕೆ ಟೈಮ್ ಕೊಡೋ ಬದ್ಲು ಕುಯ್ಯೋ ಅಂತ ಕೂಗಿ ಅದೇ ಆಫ್ ಆಗುತ್ತೆ, ಹಂಗಾಗಿ 1100 ವಿಎ ಆದ್ರೂ ಬೇಕು. ಬಾಡಿಗೆ ಮನೆ ಆದ್ರೆ ಕ್ಯಾಬಿನೆಟ್ ಮೇಲೆ ಬೆರಳು ಸವರಿ ನೋಡಿ, ಜುಂ ಅಂದ್ರೆ ಗೋಡೆ ಸಾಕೆಟ್ಟಲ್ಲಿ ಮೂರನೇ ತೂತಿಗೆ ಅರ್ಥ್ ವೈರೇ ಕೊಟ್ಟಿಲ್ಲ ಅಂತ ಅರ್ಥ, ಎಲೆಕ್ಟ್ರಿಷಿಯನ್ ಕರ್ಸಿ ಸರಿ ಮಾಡಿಸಿದ ಮೇಲೆ ಹೊಸ ಸಾಮಾನು ಹಾಕಿ.

ಎಲ್ಲಾ ಹಾಕಿದ್ಮೇಲೆ ಮಾನಿಟರ್ ಕೇಬಲ್ ಹೊಸ ಕಾರ್ಡಿಗೇ ಚುಚ್ಚಿ, ಡ್ರೈವರ್ ಹಾಕಿ, ಭಾರದ ಗೇಮ್ ಒಂದು ಗಂಟೆ ಆಡಿ. ಮಧ್ಯದಲ್ಲಿ ತಾನಾಗೇ ರೀಸ್ಟಾರ್ಟ್ ಆದ್ರೆ ಪವರ್ ವೈರುಗಳನ್ನೇ ಮೊದಲು ನೋಡಿ. 1650ನ ಅವತ್ತೇ ಮಾರ್ಬೇಡಿ, ಒಂದು ತಿಂಗಳಾದ್ರೂ ಡಬ್ಬದಲ್ಲಿಟ್ಟಿರಿ, ನಿಮ್ಮದು ಎಫ್ ಪ್ರೊಸೆಸರ್, ಅದ್ರಲ್ಲಿ ಗ್ರಾಫಿಕ್ಸೇ ಇಲ್ಲ, ಹೊಸ ಕಾರ್ಡ್ ವಾರಂಟಿಗೆ ಕಳಿಸೋ ಹಾಗಾದ್ರೆ ಸ್ಕ್ರೀನಲ್ಲಿ ಏನಾದ್ರೂ ಕಾಣೋದು ಆ ಹಳೇ ಕಾರ್ಡಿಂದ್ಲೇ.