ಕಾಳಿ ನದಿಯ ರಾಡಿ ನೀರಿನಲ್ಲಿರುವ ಕಣಗಳ ಗಾತ್ರವನ್ನು ಅಲ್ಟ್ರಾಸೌಂಡ್‌ನಿಂದ ಅಳೆಯಬಹುದಾ?

ಮಳೆಗಾಲದಲ್ಲಿ ಕೋಡಿಬಾಗದ ಹತ್ತಿರ ತುಂಬಿಸಿದ ನೀರು, ಬೆಳಕಿನಿಂದ ಕಣದ ಗಾತ್ರ ಅಳೆಯುವ ಲೇಸರ್ ಯಂತ್ರಕ್ಕೆ ತೀರಾ ರಾಡಿ, ಡಿಸ್ಟಿಲ್ಡ್ ವಾಟರ್ ಬೆರೆಸಿದರೆ ಉತ್ತರವೇ ಬದಲಾಗುತ್ತದೆ ಅಂದಿದ್ದೀರಿ. ನದಿ ನೀರಿಗೆ ಅಲ್ಟ್ರಾಸೌಂಡ್ ಬೇಡ. ತಳದ ಕೆಸರಿಗಾದರೆ ಆಗುತ್ತದೆ. ನಾನೂ ಕಾರವಾರದವನೇ, ಈಗ ಪೇಂಟ್ ಕಾರ್ಖಾನೆಯೊಂದರ ಲ್ಯಾಬ್‌ನಲ್ಲಿ ಅಲ್ಟ್ರಾಸೌಂಡ್ ಯಂತ್ರದ ಮುಂದೆ ಕೂತಿರುತ್ತೇನೆ.

ಅದು ಒಂದು ಕಡೆಯಿಂದ ಶಬ್ದ ಬಿಟ್ಟು, ಎದುರುಗಡೆ ಎಷ್ಟು ತಲುಪಿತು ಅಂತ ನೋಡುತ್ತದೆ. ಸುಮಾರು 1ರಿಂದ 100 ಮೆಗಾಹರ್ಟ್ಸ್‌ವರೆಗೆ ಬೇರೆ ಬೇರೆ ಆವರ್ತನದಲ್ಲಿ ಇದೇ ಕೆಲಸ. ಮಣ್ಣಿನ ಕಣ ನೀರಿಗಿಂತ ಭಾರ. ಶಬ್ದಕ್ಕೆ ನೀರು ಅಲುಗಾಡಿದಷ್ಟು ಕಣ ಅಲುಗಾಡುವುದಿಲ್ಲ, ಹಿಂದೆ ಬೀಳುತ್ತದೆ. ಆ ತಿಕ್ಕಾಟದಲ್ಲಿ ಶಬ್ದ ಸೋರಿಹೋಗುತ್ತದೆ. ಯಾವ ಆವರ್ತನದಲ್ಲಿ ಎಷ್ಟು ಸೋರಿತು ಅನ್ನುವುದರಿಂದ ಗಾತ್ರ ಲೆಕ್ಕ ಹಾಕುತ್ತಾರೆ. ದೋಸೆ ಹಿಟ್ಟಿನ ಹದದ ದ್ರವದಲ್ಲಿ ಬೆಳಕು ಹಾಯುವುದಿಲ್ಲ, ಶಬ್ದ ಹಾಯುತ್ತದೆ. ಇದರ ಲಾಭ ಇರುವುದೇ ಅಲ್ಲಿ.

ನಿಮ್ಮ ತೊಂದರೆ ಉಲ್ಟಾ. ಲೀಟರಿಗೆ 1 ಗ್ರಾಂ ಮಣ್ಣಿದ್ದರೂ ಕಣ್ಣಿಗೆ ಪೂರ್ತಿ ರಾಡಿ, ಅಲ್ವಾ? ಆದರೆ ಮಣ್ಣಿನ ಸಾಂದ್ರತೆ ನೀರಿನ 2.65 ಪಟ್ಟು ಅಂತ ಹಿಡಿದರೆ ಆ ಮಣ್ಣು ಹಿಡಿಯುವ ಜಾಗ ಶೇ. 0.04 ಅಷ್ಟೇ. ಯಂತ್ರದ ಪುಟ್ಟ ಕೋಶದಲ್ಲಿ ಅದು ನುಂಗುವ ಶಬ್ದ ಅಳತೆಗೆ ಸಿಗುವಷ್ಟಿರುವುದಿಲ್ಲ. ಶೇ. 1 ದಾಟಿದ್ದರೆ ಧೈರ್ಯವಾಗಿ ಹಾಕಿ ಅನ್ನುತ್ತಿದ್ದೆ.

ಕೆಸರು ಅಳೆಯುವುದಾದರೆ ಗುಳ್ಳೆಗಳ ಕಾಟ ಜಾಸ್ತಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕಪ್ಪು ಕೆಸರು ತುಳಿದರೆ ಬುಳುಬುಳು ಅಂತ ಗಾಳಿ ಏಳುತ್ತದಲ್ಲ, ಅದರಲ್ಲಿ ಒಂಚೂರು ಉಳಿದರೂ ಶಬ್ದ ಅದೇ ನುಂಗುತ್ತದೆ. ಯಂತ್ರ ಅದನ್ನೂ ಕಣದ ಲೆಕ್ಕಕ್ಕೇ ಸೇರಿಸುತ್ತದೆ. ಮೊದಲು ವ್ಯಾಕ್ಯೂಮ್‌ನಲ್ಲಿಟ್ಟು ಗಾಳಿ ತೆಗೆಯಿರಿ, ಕಲಕುವಾಗ ಸುಳಿ ಏಳದಂತೆ ನೋಡಿಕೊಳ್ಳಿ. ಅಂದಹಾಗೆ, ಲ್ಯಾಬ್‌ನಲ್ಲಿ ಪಾತ್ರೆ ತೊಳೆಯುವ ಸೋನಿಕೇಟರ್ ಬೇರೆ. ಅದರ ಶಕ್ತಿಗೆ, ಕಣಗಳು ಅಂಟಿಕೊಂಡು ಆದ ಮುದ್ದೆಗಳು ಒಡೆದುಹೋಗುತ್ತವೆ. ಅಳೆಯುವ ಶಬ್ದ ತೀರಾ ಮೆದು.

ನದಿ ನೀರಿಗೆ ನಿಮ್ಮ ಲೇಸರೇ ಸಾಕು, ಬೆರೆಸುವ ನೀರನ್ನು ಬದಲಾಯಿಸಿ. ಅಳಿವೆಯಲ್ಲಿ ಉಪ್ಪು ತಾಗಿ ಜೇಡಿ ಕಣಗಳು ಮುದ್ದೆಗಟ್ಟಿರುತ್ತವೆ. ಡಿಸ್ಟಿಲ್ಡ್ ವಾಟರ್ ಹಾಕಿದರೆ ಬಿಟ್ಟುಕೊಳ್ಳುತ್ತವೆ. ಅದೇ ಜಾಗದ, ಅದೇ ಹೊತ್ತಿನ ನೀರನ್ನು ಚೆನ್ನಾಗಿ ಸೋಸಿ ಬೆರೆಸಿ, ಮೆಲ್ಲಗೆ ಕಲಕಿ. ಮುದ್ದೆ ಬೇಡ, ಬಿಡಿ ಕಣದ ಗಾತ್ರ ಸಾಕು ಅಂದರೆ ಕಣ ನೀರಿನಲ್ಲಿ ಇಳಿಯುವ ವೇಗದಿಂದ ಗಾತ್ರ ತಿಳಿಯುವ ಹಳೇ ಪಿಪೆಟ್ ವಿಧಾನ ಇದ್ದೇ ಇದೆ: 20 ಡಿಗ್ರಿ ನೀರಿನಲ್ಲಿ 2 ಮೈಕ್ರಾನ್ ಕಣ 10 ಸೆಂ.ಮೀ. ಇಳಿಯಲು ಸುಮಾರು 8 ಗಂಟೆ. ನಮ್ಮ ಸೆಕೆಗೆ ಇನ್ನೂ ಬೇಗ ಇಳಿಯುತ್ತದೆ, ಹಾಗಾಗಿ ನೀರಿನ ಉಷ್ಣತೆ ಬರೆದಿಟ್ಟುಕೊಳ್ಳಿ.