ಅವಳಿಯಲ್ಲಿ ಒಬ್ಬಳಿಗೆ ಬಂದರೆ ಇನ್ನೊಬ್ಬಳಿಗೂ ಬರುತ್ತಾ?

ಓದುಗರೊಬ್ಬರ ಪತ್ರ: “ನಾನು, ನನ್ನಕ್ಕ ಅವಳಿ. ಇಬ್ಬರೂ ಅಚ್ಚು ಒಂದೇ ತರ. ಅಕ್ಕನಿಗೆ ಲೂಪಸ್ ಬಂದು ಈಗ ಕಿಡ್ನಿಗೂ ತಗುಲಿದೆ. ಏನೇನೋ ತಿಂದು ತಂದುಕೊಂಡಳು ಅಂತ ಮನೆಯವರು ಬೈಯುತ್ತಾರೆ. ನನಗೂ ಬರುತ್ತಾ?”

ಪ್ರಿಯ ಸೋದರಿ,

ಬರಲೇಬೇಕು ಅಂತೇನಿಲ್ಲ. ಬೇರೆಯವರಿಗಿಂತ ನಿಮಗೆ ಅಪಾಯ ಜಾಸ್ತಿ, ಅದು ನಿಜ. 1992ರ ಅಮೆರಿಕದ ಅಧ್ಯಯನವೊಂದರಲ್ಲಿ ಒಬ್ಬರಿಗಾದರೂ ಲೂಪಸ್ ಇದ್ದ, ನಿಮ್ಮಂಥ ತದ್ರೂಪಿ ಅವಳಿಗಳ ಪೈಕಿ ಇಬ್ಬರಿಗೂ ಕಾಯಿಲೆ ಇದ್ದದ್ದು ನೂರಕ್ಕೆ ಸುಮಾರು 24 ಜೋಡಿಗಳಲ್ಲಿ. ತದ್ರೂಪಿಗಳಲ್ಲದ ಅವಳಿಗಳಲ್ಲಿ ಬರೀ 2. ಜೀನಿನ ಪಾಲು ದೊಡ್ಡದೇ. ಆದರೆ ಜೀನೆಲ್ಲ ಒಂದೇ ಆಗಿದ್ದರೂ ಮುಕ್ಕಾಲು ಪಾಲು ಜೋಡಿಗಳಲ್ಲಿ ಒಬ್ಬರಿಗೆ ಕಾಯಿಲೆ ಇರಲಿಲ್ಲ, ಅಲ್ವಾ?

ಲೂಪಸ್ ಅಂದರೆ ಬೇಲಿಯೇ ಎದ್ದು ಹೊಲ ಮೇಯುವ ಕಾಯಿಲೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ನಮ್ಮದೇ ಡಿಎನ್ಎ ಮೇಲೆ ತಿರುಗಿ ಬೀಳುತ್ತದೆ. ಆ ಜಗಳದ ಕಸ ಕಿಡ್ನಿಯ ಜರಡಿಯಲ್ಲಿ ಸಿಕ್ಕಿಕೊಂಡು ಉರಿಯೂತ ಶುರುವಾಗುತ್ತದೆ. ಪ್ರೋಟೀನ್ ಸೋರುತ್ತದೆ, ಮೂತ್ರ ನೊರೆನೊರೆಯಾಗುತ್ತದೆ.

ಜೀನ್ ಒಂದೇ ಇದ್ದೂ ಈ ವ್ಯತ್ಯಾಸ ಯಾಕೆ? ನಮ್ಮ ಎಷ್ಟೋ ಜೀನುಗಳ ಮೇಲೆ ಮೀಥೈಲ್ ಅನ್ನೋ ಪುಟ್ಟ ಗುರುತುಗಳು ಚಿಲಕದ ಹಾಗೆ ಕೂತಿರುತ್ತವೆ. ಚಿಲಕ ಹಾಕಿದ್ದರೆ ಆ ಜೀನ್ ಸುಮ್ನೆ ಇರುತ್ತದೆ. ಜೀನ್ ಒಂದೇ ಆದರೂ ಚಿಲಕ ಒಂದೇ ಆಗಿರಬೇಕಿಲ್ಲ. ಲೂಪಸ್ ಇರುವವರ ಟಿ ಕಣಗಳಲ್ಲಿ (ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣ) ಈ ಚಿಲಕಗಳು ಸಡಿಲವಾಗಿರುತ್ತವೆ. ಇದಕ್ಕೆ ಸುಳಿವು ಕೊಟ್ಟದ್ದು ಎರಡು ಔಷಧಿಗಳು: ಬಿಪಿಗೆ ಕೊಡುವ ಹೈಡ್ರಲಜಿನ್, ಹೃದಯದ ಬಡಿತಕ್ಕೆ ಕೊಡುವ ಪ್ರೊಕೇನಮೈಡ್. ಇವನ್ನು ಬಹಳ ದಿನ ತೆಗೆದುಕೊಂಡ ಕೆಲವರಿಗೆ ಲೂಪಸ್ ತರದ್ದೇ ತೊಂದರೆ ಬರುತ್ತಿತ್ತು, ಬಿಟ್ಟರೆ ಸಾಮಾನ್ಯವಾಗಿ ಇಳಿಯುತ್ತಿತ್ತು. ಜೀನ್ ಬದಲಾಗಿರಲಿಲ್ಲ. ಅಮೆರಿಕದ ಮಿಶಿಗನ್ನಿನ ಸಂಶೋಧಕ ಬ್ರೂಸ್ ರಿಚರ್ಡ್‌ಸನ್ ಮತ್ತು ಸಂಗಡಿಗರು ಹುಡುಕಿದಾಗ, ಇವು ಟಿ ಕಣಗಳ ಮೀಥೈಲ್ ಚಿಲಕ ಸಡಿಲಿಸುತ್ತವೆ ಅಂತ ತಿಳಿಯಿತು. (ಇದನ್ನೋದಿ ಯಾರೂ ತಾವಾಗಿಯೇ ಬಿಪಿ ಮಾತ್ರೆ ಬಿಡಬೇಡಿ, ದಯವಿಟ್ಟು.)

ಲೂಪಸ್ ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಹಾರ್ಮೋನಿನ ಜೊತೆ ಚಿಲಕವೂ ಇದಕ್ಕೊಂದು ಕಾರಣ ಇರಬಹುದು. ಹೆಂಗಸರಿಗೆ ಎರಡು ಎಕ್ಸ್ ಕ್ರೋಮೋಸೋಮ್. ಒಂದನ್ನು ದೇಹ ಹೆಚ್ಚುಕಡಿಮೆ ಮುಚ್ಚಿಟ್ಟಿರುತ್ತದೆ. ಚಿಲಕ ಸಡಿಲವಾದರೆ ಅದರ ಜೀನುಗಳೂ ಕೆಲಸಕ್ಕಿಳಿಯುತ್ತವೆ. ರೋಗನಿರೋಧಕ ಕಣಗಳನ್ನು ಕೆರಳಿಸುವ ಜೀನುಗಳೂ ಅದರಲ್ಲಿವೆ.

ನೀವು ಜೀನ್ ಪರೀಕ್ಷೆಗೆ ದುಡ್ಡು ಸುರಿಯುವುದು ಬೇಡ ಅಂತ ನನಗನಿಸುತ್ತದೆ. ಅಕ್ಕನ ಕಾಯಿಲೆಯ ವಿಷಯ ಡಾಕ್ಟರಿಗೆ ಹೇಳಿ. ಆಗಾಗ ಬಿಪಿ, ಮೂತ್ರದ ಪ್ರೋಟೀನ್, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ) ನೋಡಿಸಿ. ಕೀಲುನೋವು, ಬಿಸಿಲಿಗೆ ಮುಖದಲ್ಲಿ ಕೆಂಪು ದದ್ದು, ನೊರೆಮೂತ್ರ ಕಂಡರೆ ತಡ ಮಾಡಬೇಡಿ.

ಅಕ್ಕ ಏನೂ ತಂದುಕೊಂಡಿಲ್ಲ. ಈ ಪುಟವನ್ನು ಮನೆಯವರಿಗೆ ಓದಿ ಹೇಳಿ, ಆಕೆಯ ಎದುರಿಗೇ.

– ಸಂಪಾದಕ